ಹದಿನಾಲ್ಕು ಲೋಕದ ಕ್ಯಾಂಪೇನ್: ಯಾವ್ಯಾವ ಸ್ಪೆಲ್ (ಮಂತ್ರ) ಕೆಡತಾವು?

ವಿಜಾಪುರ_ಡಿ20:
ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ದಾಳ ಉರುಳಿಸಿ ಪಾತ್ರ ಆಗಿ ಕಥಿ ಆಡೋ ಆಟ) ಐದನೇ ಎಡಿಷನ್, 2014ರ ನಿಯಮ. ವಿಜಯಪುರದಾಗ ಹೊಸಾ ಟೇಬಲ್ (ಆಡೋ ಗುಂಪು). ಆಟದ ಪುಸ್ತಕದ ಪ್ಲೇನುಗಳನ್ನ (ಬ್ಯಾರೆ ಬ್ಯಾರೆ ಲೋಕಗೋಳನ್ನ) ತಗದು ಹದಿನಾಲ್ಕು ಲೋಕ ಇಡಾವ ಅದೇನಿ. ಪುಸ್ತಕದ ಈಥೀರಿಯಲ್ (ಭೂಲೋಕಕ್ಕ ಅಂಟಿದ ದೆವ್ವಗೋಳ ಲೋಕ), ಆಸ್ಟ್ರಲ್ (ಲೋಕಗೋಳ ನಡುವಿನ ಲೋಕ) ಎರಡೂ ಇಲ್ಲ. ಸತ್ತವರು ಮತ್ತ ಹುಟ್ಟತಾರ. ಕಡೀ ಖಳನಾಯಕ ಪಾತಾಳದ ನಾಗರಾಜ. ನಿಯಮ ಎಲ್ಲೆಲ್ಲಿ ತಿದ್ದಬೇಕ್ರಿ?

ಘಟಪ್ರಭಾ_ಡಿಎಂ:
ಮದಲ ಸಾವಿಂದು ಇತ್ಯರ್ಥ ಮಾಡ್ರಿ. ಬದುಕಿಸೋ ಸ್ಪೆಲ್‌ಗೆ ಆತ್ಮ ಬಿಡುವಾಗಿರಬೇಕು, ಬರಾಕ ಒಪ್ಪಬೇಕು. ಮತ್ತ ಹುಟ್ಟಿದ ಆತ್ಮ ಬಿಡುವಿಲ್ಲ. ರಿವಿವಿಫೈ (ಸತ್ತ 1 ನಿಮಿಷದೊಳಗ ಬದುಕಿಸೂದು, 300 ಚಿನ್ನದ ನಾಣ್ಯ ಬೆಲಿ ವಜ್ರ ಬೇಕು) ಇದ್ದಂಗ ಇರಲಿ. ರೇಜ್ ಡೆಡ್ (ಇನ್ನೊಂದು ಬದುಕಿಸೋ ಸ್ಪೆಲ್) ಮಿತಿ ಸತ್ತ ಮ್ಯಾಲ 10 ದಿನ. ಸೂತಕ ಹಿಡಿಯೋ ಮನೆತನದ ಲೆಕ್ಕಕ್ಕ ತಾನ ಕೂಡತೈತಿ, ಅಲ್ಲೀತನ ಆತ್ಮ ಮನೀ ಸುತ್ತ ಇರತೈತಿ ಅನ್ರಿ, ಒಂದಕ್ಷರ ತಿದ್ದೂದು ಬ್ಯಾಡ. ಕೆಡೂದು ರೆಸರೆಕ್ಷನ್, ಅದರ ಮಿತಿ 100 ವರ್ಷ. ಅದನ್ನ ಪ್ರೇತ ಆಗಿ ಉಳಿದವರಿಗಷ್ಟ ಇಡ್ರಿ. ಸ್ಪೀಕ್ ವಿತ್ ಡೆಡ್ (ಹೆಣಾನ ಮಾತಾಡಸೋ ಸ್ಪೆಲ್) ಆತ್ಮನ್ನ ವಾಪಸ್ ಕರೆಯೂದ ಇಲ್ಲ, ಅದಕ್ಕ ತೊಂದ್ರಿ ಇಲ್ಲ.

ಕುಂದಾನಗರಿ_ಮಾಂತ್ರಿಕ:
ನಾಗರಾಜನ ಸಲುವಾಗಿ ಒಂದು ಮಾತು ಈಗ ತೀರ್ಮಾನ ಆಗಬೇಕು: ಪಾತಾಳ ಬ್ಯಾರೆ ಪ್ಲೇನೋ, ಇದ ನೆಲದ ಕೆಳಗಿನ ಜಾಗಾನೋ? ಬ್ಯಾರೆ ಪ್ಲೇನ್ ಅಂದ್ರ, ಅಂವ ಭೂಲೋಕಕ್ಕ ಬಂದಾಗ ನಾಕನೇ ಲೆವೆಲ್ಲಿನ ಗಡೀಪಾರು ಸ್ಪೆಲ್ ಬ್ಯಾನಿಶ್‌ಮೆಂಟ್ ಒಂದ ಸಾಕು. ನಾಗರಾಜನ ಕರಿಸ್ಮಾ ಸೇವ್ (ಸ್ಪೆಲ್ ತಪ್ಪಿಸಿಕೊಳ್ಳಾಕ ಉರುಳಸೋ ದಾಳ) ತಪ್ಪಿತು, ಸ್ಪೆಲ್ ಹಾಕಿದಾಂವ 1 ನಿಮಿಷ ಪೂರ್ತಿ ಕಾನ್ಸಂಟ್ರೇಶನ್ (ಸ್ಪೆಲ್ ಮ್ಯಾಲಿನ ಗಮನ) ಹಿಡದ ಅಂದ್ರ, ನಾಗರಾಜ ತನ್ನ ಲೋಕಕ್ಕ ಹೋಗಿ ತಿರುಗಿ ಬರೂದಿಲ್ಲ. ಇಡೀ ಕ್ಯಾಂಪೇನ್ ಹತ್ತು ರೌಂಡಿನಾಗ (ಅದ 1 ನಿಮಿಷ) ಮುಗೀತು! ನೆಲದಡಿ ಅಂದ್ರ ಅದ ಸ್ಪೆಲ್ ಅವನನ್ನ 1 ನಿಮಿಷ ಬದಿಗಿಡತೈತಿ, ಅಷ್ಟ. ಪುರಾಣದಾಗೂ ಪಾತಾಳ ಭೂಮಿ ಕೆಳಗ ಐತಿ, ಹಂಗ ಇಡ್ರಿ.

ಒಂದು ನೋಡ್ಕೋರಿ, ಒಂದ ಪ್ಲೇನ್ ಆದಮ್ಯಾಲ ಏಳನೇ ಲೆವೆಲ್ಲಿನ ಟೆಲಿಪೋರ್ಟ್ (ಒಂದ ಕ್ಷಣಕ್ಕ ದೂರದ ಜಾಗಕ್ಕ ಒಯ್ಯೋ ಸ್ಪೆಲ್) ಅಲ್ಲೀತನ ಮುಟ್ಟತೈತಿ. ಆದ್ರ ಬರೇ ಕೇಳಿ ಗೊತ್ತಿರೋ ಜಾಗಕ್ಕ ಡಿ100ರಾಗ (1ರಿಂದ 100ರತನ ಬೀಳೋ ದಾಳ) 43ರತನ ಬಿದ್ರ ಅವಘಡ: ಎಲ್ಲಾರಿಗೂ 3ಡಿ10 (ಹತ್ತು ಮುಖದ ಮೂರು ದಾಳದ ಮೊತ್ತ) ಏಟು, ಮತ್ತ ಉರುಳಸಬೇಕು. ಅದಕ್ಕ ಹೆದರಿ ಮಂದಿ ನಡಕೋತನ ಇಳೀತಾರ. ಮ್ಯಾಲಿನ ಆರು ಲೋಕ ಬ್ಯಾರೆ ಪ್ಲೇನ್ ಇರಲಿ. ಪ್ಲೇನ್ ಶಿಫ್ಟ್‌ಗೆ (ಲೋಕದಿಂದ ಲೋಕಕ್ಕ ಒಯ್ಯೋ ಸ್ಪೆಲ್) ಲೋಕಕ್ಕೊಂದು ಕವಲಿನ ಲೋಹದ ಕೋಲು ಬೇಕು, ತಲಾ 250 ಚಿನ್ನದ ನಾಣ್ಯ.

ವಿಜಾಪುರ_ಡಿ20:
ನೆಲದಡೀನ ಇಡತೇನ್ರಿ. ದೆವ್ವಗೋಳ ಗತಿ ಏನು?

ಘಟಪ್ರಭಾ_ಡಿಎಂ:
ಈಥೀರಿಯಲ್ ಪೂರಾ ತಗದ್ರ ದೆವ್ವದ ಜೋಡಿ ಬ್ಲಿಂಕ್ ಸ್ಪೆಲ್, ಫೇಸ್ ಸ್ಪೈಡರ್ (ಆ ಲೋಕಕ್ಕ ಜಿಗದು ಬರೋ ಜೇಡ) ಎಲ್ಲಾ ಕೆಲಸಾ ನಿಲ್ಲಸತಾವು. ಆ ಜಾಗಕ್ಕ ಭುವರ್ಲೋಕ ಇಡ್ರಿ, ಅದು ಭೂಮಿಗೆ ಹತ್ತಿದ್ದು. ಪ್ರೇತಗೋಳೂ ಅಲ್ಲೇ ಇರಲಿ. ಆಸ್ಟ್ರಲ್ ಮಾತೂ ಒಂದೈತಿ: ಒಳಗ ಭಾಳ ಜಾಗಾ ಇರೋ ಮಾಯಾ ಚೀಲ ಬ್ಯಾಗ್ ಆಫ್ ಹೋಲ್ಡಿಂಗ್‌ನ ಮಡಚಿ ಒಯ್ಯೋ ಮಾಯಾ ಗುಂಡಿ ಪೋರ್ಟಬಲ್ ಹೋಲ್‌ನಾಗ ಹಾಕಿದ್ರ 10 ಅಡಿಯೊಳಗಿನವರನ್ನ ಆಸ್ಟ್ರಲ್‌ಗೆ ಎಳೀತೈತಿ. ನಿಮ್ಮ ಜಗತ್ತಿನಾಗ ಅವರು ಯಾವ ಲೋಕದಾಗ ಬೀಳತಾರ ಅನ್ನೂದನ್ನ ಮದಲ ಬರದಿಡ್ರಿ.