ಅಪ್ಪ ಅಮ್ಮನನ್ನು ಕಾನ್ಸಾಸ್‌ನ ಟಾಲ್‌ಗ್ರಾಸ್ ಪ್ರೈರಿಗೆ ಕರೆದುಕೊಂಡು ಹೋಗಬೇಕು. ಬೈಸನ್ ಇರುವ ಕಡೆ ನಡೆಯಬಹುದಾ?

ಹೊಸದುರ್ಗದ ಮಗಳು (ಓವರ್‌ಲ್ಯಾಂಡ್ ಪಾರ್ಕ್)

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮ ಊರಿಂದ ಬರುತ್ತಿದ್ದಾರೆ. ಅಪ್ಪನಿಗೆ 70. ಜೀವನವೆಲ್ಲ ದನ, ಹೊಲ ಅಂತಲೇ ಕಳೆದವರು. ಹೋದ ಸಲ ಬಂದಾಗ ಮಾಲು, ಮ್ಯೂಸಿಯಂ ಎಲ್ಲ ಸುತ್ತಿಸಿದೆವು. ಎಲ್ಲಿಗೆ ಹೋದರೂ "ಚೆನ್ನಾಗಿದೆ" ಅಂದು ಕೂರಲು ಜಾಗ ಹುಡುಕುತ್ತಿದ್ದರು. ಆದರೆ ಹೈವೇ ಪಕ್ಕ ದನ ಮೇಯುವುದು ಕಂಡರೆ ಸಾಕು, "ಕಾರು ನಿಲ್ಲಿಸವ್ವ" ಅನ್ನುತ್ತಿದ್ದರು.

ಅದಕ್ಕೇ ಈ ಸಲ ಸ್ಟ್ರಾಂಗ್ ಸಿಟಿ ಹತ್ತಿರದ ಟಾಲ್‌ಗ್ರಾಸ್ ಪ್ರೈರಿ ನ್ಯಾಷನಲ್ ಪ್ರಿಸರ್ವ್‌ಗೆ (ಎತ್ತರದ ಹುಲ್ಲುಗಾವಲನ್ನು ಕಾಪಾಡಿಟ್ಟಿರುವ ಜಾಗ) ಹೋಗೋಣ ಅಂದುಕೊಂಡಿದ್ದೇನೆ. ಅಲ್ಲಿ ಬೈಸನ್ ಮೇಯುವ ಜಾಗದೊಳಗೇ ದಾರಿ ಹೋಗುತ್ತದಂತೆ. ನಮಗೂ ಅವಕ್ಕೂ ನಡುವೆ ಬೇಲಿ ಇರುವುದಿಲ್ಲವಂತೆ. ಕೇಳಿದಾಗಿನಿಂದ ಭಯವಾಗಿದೆ. ಅಮ್ಮನಿಗೆ ಮಂಡಿ ನೋವು. ಮಗನಿಗೆ 6 ವರ್ಷ, ಪ್ರಾಣಿ ಕಂಡರೆ ಓಡುತ್ತಾನೆ. ಅಪ್ಪ ಫೋನಿನಲ್ಲಿ "ಬೈಸನ್ ಅಂದರೆ ಬಂಡೀಪುರದಲ್ಲಿ ನೋಡಿದ್ದೇವಲ್ಲ" ಅಂದರು. ಅದೂ ಇದೂ ಒಂದೇನಾ? ಹೋಗಿ ಬಂದವರು ಯಾರಾದರೂ ವಿವರವಾಗಿ ಹೇಳ್ತೀರಾ?

ರಾಣೆಬೆನ್ನೂರಿನ ಅಕ್ಕ (ವಿಚಿಟಾ)

ತಂಗಿ, ಖಂಡಿತ ಕರೆದುಕೊಂಡು ಹೋಗು. ನಮ್ಮ ಮನೆಯಿಂದ ಅಲ್ಲಿಗೆ ಒಂದೂಕಾಲು ಗಂಟೆ. ಹದಿನಾಲ್ಕು ವರ್ಷದಿಂದ ಹೋಗುತ್ತಿದ್ದೇನೆ, ವರ್ಷಕ್ಕೆ ನಾಲ್ಕು ಸಲವಾದರೂ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಸಮಯ ಮಾಡಿಕೊಂಡು ಓದು.

ಮೊದಲು ಅಪ್ಪನ ಪ್ರಶ್ನೆ. ಬಂಡೀಪುರದಲ್ಲಿ ಅವರು ನೋಡಿದ್ದು ಕಾಡುಕೋಣ. ಕಾಟಿ ಅಂತಲೂ ಅನ್ನುತ್ತಾರೆ. ಬ್ರಿಟಿಷರು ಅದನ್ನು ಇಂಡಿಯನ್ ಬೈಸನ್ ಅಂದರು, ಆ ಹೆಸರು ನಮ್ಮ ಬಾಯಲ್ಲೂ ಉಳಿಯಿತು. ಇಲ್ಲಿಯ ಬೈಸನ್ ಬೇರೆ. ಕಾಡುಕೋಣದ ಮೈ ನುಣುಪು, ಇದಕ್ಕೆ ಎದೆಯಿಂದ ತಲೆವರೆಗೂ ದಟ್ಟ ಕೂದಲು, ಗಡ್ಡ ಬೇರೆ. ಹೆಗಲ ಮೇಲೆ ದೊಡ್ಡ ಡುಬ್ಬ. ಅದು ಬರೀ ಕೊಬ್ಬಲ್ಲ, ಒಳಗೆ ಬೆನ್ನುಮೂಳೆಯ ಉದ್ದ ಮುಳ್ಳುಗಳು, ಅದಕ್ಕೆ ಹತ್ತಿದ ಮಾಂಸಖಂಡ. ಆ ಬಲದಿಂದಲೇ ಚಳಿಗಾಲದಲ್ಲಿ ತಲೆಯನ್ನು ಸಲಿಕೆ ಥರ ಆಡಿಸಿ ಹಿಮ ಸರಿಸಿ ಹುಲ್ಲು ತಿನ್ನುತ್ತದೆ. ಒಂದು ಜನವರಿಯಲ್ಲಿ ನಾನೇ ನೋಡಿದ್ದೇನೆ. ಮುಖದ ತುಂಬ ಹಿಮ ಮೆತ್ತಿಕೊಂಡು ತಲೆ ಎತ್ತಿತು. ಆ ಮುಖ ಇನ್ನೂ ಕಣ್ಣಲ್ಲಿದೆ.

ಈಗ ದಾರಿ. ನಿನ್ನ ಮನೆಯಿಂದ ಎಂಪೋರಿಯಾಗೆ ಬಾ. ಅಲ್ಲಿಂದ 50ನೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸ್ಟ್ರಾಂಗ್ ಸಿಟಿ. ಊರು ದಾಟಿ 177ನೇ ರಸ್ತೆಯಲ್ಲಿ ಉತ್ತರಕ್ಕೆ 2 ಮೈಲಿ. ಒಟ್ಟು ಎರಡು ಗಂಟೆ. ಒಳಗೆ ಹೋಗಲು ದುಡ್ಡಿಲ್ಲ.

ಬೈಸನ್ ಇರುವ ಮೇವಿನ ಜಾಗಕ್ಕೆ ವಿಂಡ್‌ಮಿಲ್ ಪಾಸ್ಚರ್ ಅಂತ ಹೆಸರು. ಸೀನಿಕ್ ಓವರ್‌ಲುಕ್ ಟ್ರೇಲ್ ಅನ್ನುವ ಕಾಲುದಾರಿ ಅದರ ನಡುವೆಯೇ ಹೋಗುತ್ತದೆ. ಹೋಗಿ ಬರಲು 6 ಮೈಲಿಗಿಂತ ಜಾಸ್ತಿ. ಪೂರ್ತಿ ಹೋಗಲೇಬೇಕು ಅಂತಿಲ್ಲ, ಎಲ್ಲಿ ಸಾಕು ಅನ್ನಿಸುತ್ತದೋ ಅಲ್ಲಿಂದ ವಾಪಸ್ ಬನ್ನಿ. ಸ್ವಲ್ಪ ದೂರ ನಡೆದ ಮೇಲೆ ಗೇಟು ಸಿಗುತ್ತದೆ. ನಾವೇ ತೆಗೆದು, ದಾಟಿ, ನಾವೇ ಹಾಕಬೇಕು. ಅಪ್ಪನಿಗೆ ಅದನ್ನು ಹೇಳಿಕೊಡುವ ಅಗತ್ಯವಿರುವುದಿಲ್ಲ ಬಿಡು.

ನೀನು ಕೇಳಿದ್ದು ನಿಜ, ಗೇಟು ದಾಟಿದ ಮೇಲೆ ನಡುವೆ ಬೇಲಿ ಇಲ್ಲ. 100 ಗಜ ದೂರ ಇರಬೇಕು. ಅಂದರೆ ಒಂದು ಫುಟ್‌ಬಾಲ್ ಮೈದಾನದಷ್ಟು. ದೊಡ್ಡ ಹೋರಿ 900 ಕಿಲೋ ತೂಗುತ್ತದೆ, ಆದರೂ ಗಂಟೆಗೆ 50 ಕಿಲೋಮೀಟರ್‌ಗಿಂತ ಜೋರಾಗಿ ಓಡುತ್ತದೆ. ಸುಮ್ನೆ ನಿಂತಿದೆ ಅಂದರೆ ಸಾಧು ಅಂತಲ್ಲ. ಬಾಲ ನೋಡುತ್ತಿರು. ಬಾಲ ಇಳಿಬಿಟ್ಟು ಆಚೆ ಈಚೆ ಆಡಿಸುತ್ತಿದ್ದರೆ ಅದರ ಪಾಡಿಗೆ ಅದಿದೆ. ಬಾಲ ಮೇಲೆದ್ದರೆ ನೀವು ಮೊದಲೇ ಜಾಸ್ತಿ ಹತ್ತಿರ ಹೋಗಿದ್ದೀರಿ ಅಂತ ಅರ್ಥ, ಮೆಲ್ಲಗೆ ಹಿಂದೆ ಸರಿಯಿರಿ. ಮಗನ ಕೈ ಬಿಡಬೇಡ. ಗೇಟು ದಾಟುವ ಮೊದಲೇ ಕೂರಿಸಿಕೊಂಡು ಹೇಳು.

ಒಂದು ಮೇ ತಿಂಗಳು ಇಡೀ ಹಿಂಡು ದಾರಿಯ ಮೇಲೇ ಮಲಗಿತ್ತು. ಕೆಂಪು ಕಂದು ಬಣ್ಣದ ಎಳೆ ಕರುಗಳು ಬೇರೆ. ನಾನೂ ಮನೆಯವರೂ ಮುಕ್ಕಾಲು ಗಂಟೆ ದೂರದಲ್ಲಿ ನಿಂತೆವು. ಅವು ಏಳಲಿಲ್ಲ. ನಾವೇ ತಿರುಗಿ ಬಂದೆವು. ಮೇಲಿನ ತನಕ ಹೋಗಲಿಲ್ಲವಲ್ಲ ಅಂತ ನನಗೆ ಒಂದು ಚೂರೂ ಬೇಸರವಾಗಲಿಲ್ಲ. ಕರುಗಳು ತಾಯಿಯ ಬೆನ್ನು ಹತ್ತಲು ನೋಡುತ್ತಿದ್ದವು. ಅದಕ್ಕಿಂತ ಇನ್ನೇನು ಬೇಕು?

ಅಮ್ಮನಿಗೆ ಬಾಟಮ್‌ಲ್ಯಾಂಡ್ ಟ್ರೇಲ್. ಫಾಕ್ಸ್ ಕ್ರೀಕ್ ಹಳ್ಳದ ಪಕ್ಕ, ಸಮತಟ್ಟು, ಒಂದು ಮೈಲಿಯೂ ಇಲ್ಲ. ಅಲ್ಲಿ ಬೈಸನ್ ಇಲ್ಲ. ಆದರೆ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಆಳೆತ್ತರದ ಹುಲ್ಲು ನೋಡಬೇಕು ಅಂದರೆ ಅಲ್ಲಿಗೇ ಹೋಗಬೇಕು! ಗುಡ್ಡದ ಮೇಲೆ ಮಣ್ಣು ತೆಳು, ಕೆಳಗೆ ಕಲ್ಲು, ಹುಲ್ಲು ಅಷ್ಟು ಬೆಳೆಯಲ್ಲ. ಹಳ್ಳದ ಬದಿಯಲ್ಲಿ ಮಣ್ಣು ಆಳ. ಸೆಪ್ಟೆಂಬರ್‌ನಲ್ಲಿ ಅಲ್ಲಿಯ ಹುಲ್ಲು ನಿನ್ನ ತಲೆ ದಾಟಿರುತ್ತದೆ. ಅಮ್ಮ ನೋಡುವುದು ಕಡಿಮೆ ಅಂತ ಅಂದುಕೊಳ್ಳಬೇಡ.

ಈ ಹುಲ್ಲಿನ ಬಗ್ಗೆ ನಾಲ್ಕು ಮಾತು ಹೇಳದೆ ಇರಲಾರೆ. ಒಂದು ಕಾಲದಲ್ಲಿ ಈ ದೇಶದಲ್ಲಿ 17 ಕೋಟಿ ಎಕರೆ ಇಂಥ ಎತ್ತರದ ಹುಲ್ಲುಗಾವಲು ಇತ್ತು. ಈಗ ಉಳಿದಿರುವುದು 100ಕ್ಕೆ 4 ಪಾಲಿಗಿಂತ ಕಡಿಮೆ. ಅದರಲ್ಲೂ ಬಹುಪಾಲು ಈ ಫ್ಲಿಂಟ್ ಹಿಲ್ಸ್ ಗುಡ್ಡಗಳಲ್ಲೇ. ಯಾಕೆ ಉಳಿಯಿತು? ಕಲ್ಲಿನಿಂದ. ಸುಣ್ಣಕಲ್ಲಿನ ಪದರದ ನಡುವೆ ಚಕಮಕಿ ಕಲ್ಲು ತುಂಬಿದೆ, ನೇಗಿಲು ಇಳಿಯಲಿಲ್ಲ. ಬೇರೆ ಕಡೆಯ ಕಪ್ಪು ಮಣ್ಣೆಲ್ಲ ಜೋಳ, ಸೋಯಾ, ಗೋಧಿ ಆಯಿತು. ಇಲ್ಲಿ ದನ ಮೇಯಿಸುವುದು ಬಿಟ್ಟು ಬೇರೆ ದಾರಿ ಇರಲಿಲ್ಲ, ಹುಲ್ಲು ಬದುಕಿತು.

ನಾನು ಬೆಳೆದದ್ದು ರಾಣೆಬೆನ್ನೂರಿನ ಕೃಷ್ಣಮೃಗದ ಕಾಡಿನ ಪಕ್ಕ. ಕಾಡು ಅಂತ ಕರೆಯುತ್ತೇವೆ, ಅದು ನಿಜವಾಗಿ ಹುಲ್ಲಿನ ಬಯಲು. ಬರೀ ಹುಲ್ಲಿದೆ, ಪಾಳು ಬಿದ್ದಿದೆ ಅಂತ ಅದರ ತುಂಬ ನೀಲಗಿರಿ ನೆಟ್ಟರು. ಹುಲ್ಲು ಇದ್ದರೆ ಏನೂ ಇಲ್ಲ ಅಂತಲೇ ನಾನೂ ನಂಬಿಕೊಂಡು ಬೆಳೆದೆ. ಇಲ್ಲಿಗೆ ಬಂದು ಮೊದಲ ಸಲ ಹುಲ್ಲಿನ ಬೇರಿನ ಚಿತ್ರ ನೋಡಿದೆ. ಬಿಗ್ ಬ್ಲೂಸ್ಟೆಮ್ ಹುಲ್ಲಿನ ಬೇರು ಎಂಟು, ಹತ್ತು ಅಡಿ ಆಳಕ್ಕೆ ಹೋಗುತ್ತದೆ. ಮೇಲೆ ಕಾಣುವುದಕ್ಕಿಂತ ಒಳಗಿರುವುದೇ ಜಾಸ್ತಿ. ಅವತ್ತು ಊರಿನ ಬಯಲು ನೆನಪಾಗಿ ಅಳು ಬಂತು. ಅದಕ್ಕೇ ಹೇಳುತ್ತೇನೆ, ಬೈಸನ್ ಕಂಡರೆ ಸಂತೋಷ. ಆದರೆ ಹುಲ್ಲು ನೋಡಲು ಅಂತಲೇ ಹೋಗಿ.

ಸಾಮಾನು: ಒಬ್ಬೊಬ್ಬರಿಗೆ ಎರಡು ಬಾಟಲ್ ನೀರು. ಗುಡ್ಡದ ಮೇಲೆ ಒಂದು ಮರದ ನೆರಳೂ ಇಲ್ಲ. ಉದ್ದ ಪ್ಯಾಂಟು, ಕಾಲುಚೀಲದೊಳಗೆ ತುರುಕಿ. ಉಣುಗು ಹತ್ತುತ್ತದೆ, ಚಿಗರ್ ಅನ್ನುವ ಕಣ್ಣಿಗೆ ಕಾಣದ ಹುಳವೂ ಕಡಿಯುತ್ತದೆ. ಬೆಳಿಗ್ಗೆ ಬೇಗ ಹೋಗಿ. ಗುಡುಗು ಕೇಳಿಸಿದರೆ ಇಳಿದುಬಿಡಿ, ಆ ಬಯಲಲ್ಲಿ ಎಲ್ಲಕ್ಕಿಂತ ಎತ್ತರ ಮನುಷ್ಯನೇ. ಒಂದು ದುರ್ಬೀನು ಇರಲಿ.

ನೇಪರ್‌ವಿಲ್ ರಾಯರು

ಅಕ್ಕ ಎಲ್ಲ ಹೇಳಿದ್ದಾರೆ. ಶಿಕಾಗೊ ಕಡೆಯವರು ಓದುತ್ತಿದ್ದರೆ ಅಂತ ಇದನ್ನು ಸೇರಿಸುತ್ತೇನೆ. ಅಷ್ಟು ದೂರ ಬರಲಾಗದವರಿಗೆ ವಿಲ್ಮಿಂಗ್ಟನ್ ಹತ್ತಿರ ಮಿಡೇವಿನ್ ಅನ್ನುವ ಪ್ರೈರಿ ಇದೆ. ಎರಡನೇ ಮಹಾಯುದ್ಧದಲ್ಲಿ ಮದ್ದುಗುಂಡು ತಯಾರಿಸುತ್ತಿದ್ದ ಜಾಗ. 1996ರಲ್ಲಿ ಪ್ರೈರಿಗೆ ಅಂತ ಕೊಟ್ಟರು, 2015ರಲ್ಲಿ ಬೈಸನ್ ತಂದರು. ಹುಲ್ಲು ಮುಚ್ಚಿದ ಹಳೆಯ ಬಂಕರ್‌ಗಳು ಸಾಲಾಗಿ ಈಗಲೂ ಇವೆ. ಐರನ್ ಬ್ರಿಜ್ ಟ್ರೇಲ್‌ಹೆಡ್‌ನಿಂದ ನಡೆದುಹೋಗಿ ಬೇಲಿಯ ಆಚೆಯಿಂದ ನೋಡಬೇಕು, ಒಳಗೆ ಬಿಡುವುದಿಲ್ಲ. ನಾವು ಮೂರು ಸಲ ಹೋಗಿದ್ದೇವೆ, ಒಂದೇ ಸಲ ಕಂಡಿದ್ದು. ಪ್ರೈರಿ ಮತ್ತೆ ಬೆಳೆಸುವುದು ಎಷ್ಟು ಕಷ್ಟ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಬೀಜ ಬಿತ್ತಿ, ಕಳೆ ಕಿತ್ತು, ವರ್ಷಗಟ್ಟಲೆ ಕಾಯಬೇಕು.

ಹಾಸನದ ಹುಡುಗ (ಮ್ಯಾನ್‌ಹ್ಯಾಟನ್, ಕಾನ್ಸಾಸ್)

ನಾನು ಕಾನ್ಸಾಸ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದೇನೆ. ಇಲ್ಲಿ ಪಕ್ಕದಲ್ಲೇ ಕೊಂಜಾ ಪ್ರೈರಿ ಅಂತ ಸಂಶೋಧನೆಯ ಜಾಗವಿದೆ. ಅದರಲ್ಲಿ ಕೆಲವು ತುಂಡುಗಳನ್ನು ಪ್ರತಿ ವರ್ಷ ಸುಡುತ್ತಾರೆ, ಕೆಲವನ್ನು 4 ವರ್ಷಕ್ಕೊಮ್ಮೆ, ಕೆಲವನ್ನು 20 ವರ್ಷಕ್ಕೊಮ್ಮೆ. ಸುಡದೇ ಬಿಟ್ಟ ತುಂಡಿನಲ್ಲಿ ಮರ ಪೊದೆ ನುಗ್ಗಿ ಹುಲ್ಲೇ ಮಾಯ. ಬೈಸನ್ ಮೇಯುವ ತುಂಡಿನಲ್ಲಿ ಸುಮಾರು 30 ವರ್ಷದಲ್ಲಿ ಸ್ಥಳೀಯ ಗಿಡಗಳ ಜಾತಿ ಎರಡರಷ್ಟಾಗಿದೆ. ಕಾರಣ ಸುಲಭ. ಬೈಸನ್ ಹೆಚ್ಚಾಗಿ ಹುಲ್ಲನ್ನೇ ತಿನ್ನುತ್ತದೆ, ಹೂವಿನ ಗಿಡಗಳಿಗೆ ಬೆಳಕು, ಜಾಗ ಸಿಗುತ್ತದೆ.

ಅಕ್ಕಾ, ಟಾಲ್‌ಗ್ರಾಸ್ ಪ್ರಿಸರ್ವ್‌ನ ಬೈಸನ್ ಹಿಂಡು ಎಲ್ಲಿಂದ ಬಂತು ಅಂತ ಹೇಳಲೇ ಇಲ್ಲ ನೀವು.

ರಾಣೆಬೆನ್ನೂರಿನ ಅಕ್ಕ (ವಿಚಿಟಾ)

ಹೌದಪ್ಪ, ಹುಲ್ಲಿನ ಗುಂಗಲ್ಲಿ ಅದು ಬಿಟ್ಟುಹೋಯಿತು. 2009ರಲ್ಲಿ ಸೌತ್ ಡಕೋಟದ ವಿಂಡ್ ಕೇವ್ ನ್ಯಾಷನಲ್ ಪಾರ್ಕ್‌ನಿಂದ 13 ಬೈಸನ್ ತಂದರು. ವಿಂಡ್ ಕೇವ್‌ಗೆ ಬಂದದ್ದು 1913ರಲ್ಲಿ, ನ್ಯೂಯಾರ್ಕ್‌ನ ಬ್ರಾಂಕ್ಸ್ ಮೃಗಾಲಯದಿಂದ ರೈಲಿನಲ್ಲಿ, 14. ಬಯಲಲ್ಲಿ ಹುಟ್ಟಿದ ಪ್ರಾಣಿ ಪಟ್ಟಣದ ಮೃಗಾಲಯದಿಂದ ಬಯಲಿಗೆ ವಾಪಸ್ ಬರಬೇಕಾಯಿತು. ಕೋಟಿಗಟ್ಟಲೆ ಇದ್ದವು. ಚರ್ಮಕ್ಕಾಗಿ, ಮತ್ತು ಅವನ್ನೇ ನಂಬಿದ್ದ ಮೂಲನಿವಾಸಿಗಳನ್ನು ಬಗ್ಗಿಸುವುದಕ್ಕಾಗಿ ಕೊಂದು, 1880ರ ದಶಕ ಮುಗಿಯುವಷ್ಟರಲ್ಲಿ ಸಾವಿರದ ಕೆಳಗೆ ಇಳಿಸಿದರು. ಈ ಗುಡ್ಡಗಳು ಕಾನ್ಸಾ ಜನರ ನೆಲ, ರಾಜ್ಯದ ಹೆಸರು ಬಂದದ್ದೇ ಅವರಿಂದ. 1873ರಲ್ಲಿ ಅವರನ್ನೂ ಇಲ್ಲಿಂದ ಓಕ್ಲಹೋಮಾ ಕಡೆಗೆ ಅಟ್ಟಿದರು. ಮಕ್ಕಳಿಗೆ ಇದನ್ನೂ ಹೇಳಬೇಕು.

ಸುಡುವ ವಿಷಯ ಹೇಳಿದ್ದು ಒಳ್ಳೆಯದಾಯಿತು. ಮಾರ್ಚ್ ನಡುವಿನಿಂದ ಏಪ್ರಿಲ್ ತನಕ ಇಲ್ಲಿ ಬೆಂಕಿ ಹಾಕುತ್ತಾರೆ. ಉಬ್ಬಸ ಇರುವವರು ಆ ದಿನಗಳಲ್ಲಿ ಬರಬೇಡಿ, ಹೊಗೆ ನಮ್ಮ ಊರಿನ ತನಕ ಬರುತ್ತದೆ. ಮೂರು ವಾರದ ಮೇಲೆ ಬನ್ನಿ. ಕರ್ರಗಿನ ನೆಲದ ಮೇಲೆ ಎಳೆ ಹಸಿರು. ಆ ಚಿಗುರಿಗೆ ಬೈಸನ್‌ಗಳು ಅಲ್ಲಿಗೇ ಬಂದು ನಿಂತಿರುತ್ತವೆ.

ಹೊಸದುರ್ಗದ ಮಗಳು (ಓವರ್‌ಲ್ಯಾಂಡ್ ಪಾರ್ಕ್)

ಎಲ್ಲರಿಗೂ ಥ್ಯಾಂಕ್ಸ್! ಹೋದ ಶನಿವಾರ ಹೋಗಿ ಬಂದೆವು. ಅಕ್ಕಾ, ನಿಮಗೆ ಹೇಳಲೇಬೇಕು.

ಬೆಳಿಗ್ಗೆ ಐದೂವರೆಗೆ ಹೊರಟೆವು. ಅಮ್ಮ ಚಪಾತಿ, ಶೇಂಗಾ ಚಟ್ನಿ ಕಟ್ಟಿದ್ದರು. ಮೊದಲು ಬಾಟಮ್‌ಲ್ಯಾಂಡ್. ನೀವು ಹೇಳಿದ ಹಾಗೇ ಅಮ್ಮ ಹುಲ್ಲಿನೊಳಗೆ ಮುಳುಗಿಹೋದರು, ಸೆರಗು ಮಾತ್ರ ಕಾಣುತ್ತಿತ್ತು. ಗಾಳಿಗೆ ಹುಲ್ಲು ಆಡುವ ಸದ್ದು ಕೇಳಿ "ಮಳೆ ಬಂದ ಹಾಗಿದೆ" ಅಂದರು. ಪೂರ್ತಿ ಸುತ್ತು ನಡೆದರು, ಎರಡು ಸಲ ನಿಂತು. ಆಮೇಲೆ ಯಜಮಾನರು ಅಮ್ಮನ ಜೊತೆ ವಿಸಿಟರ್ ಸೆಂಟರ್‌ನಲ್ಲಿ ಕೂತರು. ನಾನು, ಅಪ್ಪ, ಮಗ ಗುಡ್ಡ ಹತ್ತಿದೆವು.

ಹೋಗುವ ಮೊದಲು ಅಲ್ಲಿರುವ 1880ರ ದಶಕದ ಕಲ್ಲಿನ ಕೊಟ್ಟಿಗೆ ನೋಡಿದೆವು. ಮೂರು ಅಂತಸ್ತು! ಅಪ್ಪ ಕಲ್ಲಿನ ಗೋಡೆ ಸವರಿ ಸವರಿ ನೋಡಿದರು. ನಮ್ಮ ಮನೆಗಿಂತ ದೊಡ್ಡ ಕೊಟ್ಟಿಗೆ ಅಂದರು.

ಗೇಟು ದಾಟಿದ ಮೇಲೆ ತುಂಬ ಹೊತ್ತು ಏನೂ ಕಾಣಲಿಲ್ಲ. ಮಗ ರಾಗ ತೆಗೆದ. ಅಪ್ಪ ಅವನಿಗೆ ನೆಲ ತೋರಿಸಿದರು. ಒಂದು ಕಡೆ ದುಂಡಗೆ ಹೊಂಡ, ಹುಲ್ಲಿಲ್ಲ, ಬರೀ ಧೂಳು. "ಇಲ್ಲಿ ಹೊರಳಾಡಿದೆ ನೋಡು" ಅಂದರು. ಸಗಣಿ ನೋಡಿ "ನಿನ್ನೆಯದು" ಅಂದರು. ಕಲ್ಲಿನ ಮೂಲೆಗೆ ಕಂದು ಕೂದಲ ಗುಪ್ಪೆ ಸಿಕ್ಕಿಕೊಂಡಿತ್ತು, ಮೈ ತಿಕ್ಕಿಕೊಂಡದ್ದು. ಮಗ ಪ್ರಾಣಿಯನ್ನೇ ಮರೆತು ಗುರುತು ಹುಡುಕುತ್ತ ನಡೆದ.

ಆಮೇಲೆ ಕಂಡವು. ದೂರದ ಗುಡ್ಡದ ಅಂಚಿನಲ್ಲಿ ಹನ್ನೊಂದು. ದುರ್ಬೀನಿನಲ್ಲಿ ನೋಡಿದ ಅಪ್ಪ ಕೊಡಲೇ ಇಲ್ಲ, ಮಗ ಅಂಗಿ ಜಗ್ಗಿದ ಮೇಲೆ ಕೊಟ್ಟರು. "ಕಾಡುಕೋಣ ಅಲ್ಲ, ನಿಜ. ಮುಂದೆಲ್ಲ ಭಾರ, ಹಿಂದೆ ಸಣ್ಣ" ಅಂದರು. ಆಮೇಲೆ ಸುತ್ತಲೂ ನೋಡಿ ಹೇಳಿದರು, "ಇದು ಕಾವಲು ಕಣವ್ವ." ನಮ್ಮ ಕಡೆ ಅಮೃತಮಹಲ್ ಕಾವಲು ಇದೆಯಲ್ಲ, ದನ ಮೇಯುವ ಹುಲ್ಲಿನ ಬಯಲು, ಅಪ್ಪ ಹುಡುಗರಾಗಿದ್ದಾಗ ಅದರ ಅಂಚಿನಲ್ಲೇ ದನ ಕಾದವರು. ಇಳಿಯುವಾಗ ಆ ಕಥೆಗಳನ್ನೆಲ್ಲ ಮಗನಿಗೆ ಹೇಳಿದರು. ನಾನೂ ಎಷ್ಟೋ ಕೇಳಿರಲಿಲ್ಲ.

ಒಂದು ಪ್ರಶ್ನೆ. ಅಪ್ಪ ಒಂದು ಹುಲ್ಲಿನ ತೆನೆಯ ಫೋಟೊ ತೆಗೆಸಿಕೊಂಡಿದ್ದಾರೆ. ತುದಿ ಮೂರು ಕವಲಾಗಿದೆ, ಕಾಂಡ ನೇರಳೆ ಬಣ್ಣ. ಹೆಸರು ಬೇಕಂತೆ. ಬೀಜ ಊರಿಗೆ ತೆಗೆದುಕೊಂಡು ಹೋಗಬಹುದಾ ಅಂತಲೂ ಕೇಳುತ್ತಿದ್ದಾರೆ.

ರಾಣೆಬೆನ್ನೂರಿನ ಅಕ್ಕ (ವಿಚಿಟಾ)

ಎಷ್ಟು ಖುಷಿಯಾಯಿತು ತಂಗಿ! ಎರಡು ಸಲ ಓದಿದೆ.

ಅದು ಬಿಗ್ ಬ್ಲೂಸ್ಟೆಮ್. ಮೂರು ಕವಲು ಟರ್ಕಿ ಕೋಳಿಯ ಕಾಲಿನ ಹಾಗಿರುವುದರಿಂದ ಇಲ್ಲಿಯವರು ಟರ್ಕಿ ಫುಟ್ ಅಂತಲೂ ಅನ್ನುತ್ತಾರೆ. ಬೀಜ ಬೇಡ ಅಂತ ಹೇಳು. ಪಾರ್ಕಿನಿಂದ ಕೀಳುವ ಹಾಗಿಲ್ಲ, ಬೇರೆ ನೆಲಕ್ಕೆ ಒಯ್ಯುವುದೂ ಸರಿಯಲ್ಲ. ಊರಿನ ಕಾವಲಿಗೆ ಅಲ್ಲಿಯ ಹುಲ್ಲೇ ಚಂದ. ಅಪ್ಪನಿಗೆ ಅಲ್ಲಿಯ ಹುಲ್ಲುಗಳ ಹೆಸರು ಎಷ್ಟು ಗೊತ್ತು ಕೇಳು. ಗೊತ್ತಿರುವುದನ್ನೆಲ್ಲ ಇಲ್ಲಿ ಬರೆದು ಹಾಕು. ನಾನು ಕಾಯುತ್ತಿರುತ್ತೇನೆ.