ಪೈಥಾನ್‌ನಲ್ಲಿ ಮುಂದುವರಿದ ಸಾಲಿನ ಕೊನೆಗೆ ಕಾಮೆಂಟ್ ಬರೆಯುವುದು ಹೇಗೆ?

ಪ್ರಶ್ನೆ (ಕಲಬುರಗಿ, ಇಂಜಿನಿಯರಿಂಗ್ ವಿದ್ಯಾರ್ಥಿನಿ)

ನಮ್ಮ ಮಾರುಕಟ್ಟೆಯಲ್ಲಿ ತೊಗರಿ ಕೊಳ್ಳುವವರಿಗೆ ಕ್ವಿಂಟಲ್‌ಗೆ ತಗಲುವ ಒಟ್ಟು ಖರ್ಚನ್ನು ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದಾದ್ದರಿಂದ ಹೀಗೆ ಬರೆದಿದ್ದೇನೆ:

```
ಒಟ್ಟು = ಬೆಲೆ + \  # ಹರಾಜಿನ ದರ
    ಹಮಾಲಿ + \  # ಚೀಲ ಎತ್ತಿದ ಕೂಲಿ
    ಸಾಗಣೆ
```

"ಅನ್‌ಎಕ್ಸ್‌ಪೆಕ್ಟೆಡ್ ಕ್ಯಾರೆಕ್ಟರ್ ಆಫ್ಟರ್ ಲೈನ್ ಕಂಟಿನ್ಯುಯೇಷನ್ ಕ್ಯಾರೆಕ್ಟರ್" (ಸಾಲು ಮುಂದುವರಿಸುವ ಚಿಹ್ನೆಯ ನಂತರ ಅನಿರೀಕ್ಷಿತ ಅಕ್ಷರ) ಎಂಬ ದೋಷ ಬರುತ್ತದೆ. ಕಾಮೆಂಟ್‌ಗಳನ್ನು (# ನಂತರದ ಟಿಪ್ಪಣಿಗಳನ್ನು) ಅಳಿಸಿದರೆ ಎಲ್ಲವೂ ಸರಿಯಾಗುತ್ತದೆ, ಆದರೆ ಯಾವ ಮೊತ್ತ ಯಾವುದಕ್ಕೆ ಎಂಬುದು ಓದುವವರಿಗೆ ತಿಳಿಯಬೇಕೆಂಬುದು ನನ್ನ ಆಸೆ.

ಉತ್ತರ (ಬೀದರ್)

ಬ್ಯಾಕ್‌ಸ್ಲ್ಯಾಷ್ (\) ರದ್ದುಗೊಳಿಸುವುದು ತನಗೆ ತಾಗಿಕೊಂಡೇ ಇರುವ ಸಾಲಿನ ಅಂತ್ಯವನ್ನು ಮಾತ್ರ. ಅದರ ನಂತರ ಕಾಮೆಂಟ್ ಇರಲಿ, ಕಣ್ಣಿಗೆ ಕಾಣದ ಒಂದೇ ಒಂದು ಖಾಲಿ ಜಾಗವಿರಲಿ, ಇದೇ ದೋಷ ಬರುತ್ತದೆ. ಖಾಲಿ ಜಾಗದ ತಪ್ಪನ್ನು ಹುಡುಕುವುದು ಬಹಳ ಕಷ್ಟವಾದ್ದರಿಂದ ಬ್ಯಾಕ್‌ಸ್ಲ್ಯಾಷ್ ಬಿಟ್ಟು ಆವರಣ ಚಿಹ್ನೆಗಳನ್ನು ಬಳಸಿರಿ:

```
ಒಟ್ಟು = (ಬೆಲೆ  # ಹರಾಜಿನ ದರ
    + ಹಮಾಲಿ  # ಚೀಲ ಎತ್ತಿದ ಕೂಲಿ
    + ಸಾಗಣೆ)
```

ತೆರೆದ ಆವರಣ ಮುಚ್ಚುವವರೆಗೆ ಪೈಥಾನ್ ಸಾಲು ಮುಗಿಯಿತೆಂದು ಎಣಿಸುವುದಿಲ್ಲ, ಆದ್ದರಿಂದ ಪ್ರತಿ ಸಾಲಿನ ಕೊನೆಗೂ ಕಾಮೆಂಟ್ ಬರೆಯಬಹುದು. ಚೌಕ ಮತ್ತು ಪುಷ್ಪಾವರಣಗಳಿಗೂ ಇದೇ ನಿಯಮ. 2001ರಲ್ಲಿ ಬಂದ ಪೆಪ್ 8 ಎಂಬ ಶೈಲಿ ಸೂಚಿಯೂ ಉದ್ದ ಸಾಲುಗಳಿಗೆ ಈ ವಿಧಾನವನ್ನೇ ಮೆಚ್ಚುತ್ತದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಿದೆ. ಆವರಣವನ್ನು ಮರೆತು, "+ ಹಮಾಲಿ" ಎಂಬ ಸಾಲನ್ನು ಮೊದಲ ಸಾಲಿನ ಅಂಚಿಗೇ ಸರಿಯಾಗಿ ಬರೆದರೆ ಪೈಥಾನ್ ಯಾವ ದೋಷವನ್ನೂ ತೋರಿಸುವುದಿಲ್ಲ. ಅಲ್ಲಿನ ಕೂಡುವ ಚಿಹ್ನೆಯನ್ನು ಅದು ಧನ ಸಂಖ್ಯೆಯ ಚಿಹ್ನೆಯೆಂದು ಓದಿ, ಆ ಸಾಲನ್ನು ಸ್ವತಂತ್ರ ಹೇಳಿಕೆಯಾಗಿ ಲೆಕ್ಕ ಹಾಕಿ, ಉತ್ತರವನ್ನು ಕೈಬಿಡುತ್ತದೆ. ಒಟ್ಟು ಖರ್ಚಿನಲ್ಲಿ ಹಮಾಲಿ ಸೇರಿರುವುದೇ ಇಲ್ಲ. ದುಡ್ಡಿನ ಲೆಕ್ಕದಲ್ಲಿ ಇಂಥ ತಪ್ಪು ನೇರ ದೋಷ ಸಂದೇಶಕ್ಕಿಂತ ಅಪಾಯಕಾರಿ.

ಉತ್ತರ (ಯಾದಗಿರಿ)

ಮುಂದೆ ಸಿ ಭಾಷೆಯಲ್ಲೂ ಬರೆಯುವಿರಾದರೆ ಅಲ್ಲಿನ ಕ್ರಮ ಬೇರೆ ಎಂಬುದು ನೆನಪಿರಲಿ. ಸಿ ಕಂಪೈಲರ್ (ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶ) ಮೊದಲು ಬ್ಯಾಕ್‌ಸ್ಲ್ಯಾಷ್ ಇರುವ ಸಾಲುಗಳನ್ನು ಜೋಡಿಸಿ, ಆಮೇಲೆ ಕಾಮೆಂಟ್‌ಗಳನ್ನು ತೆಗೆದುಹಾಕುತ್ತದೆ. ಹೀಗಾಗಿ ಎರಡು ಓರೆಗೆರೆಗಳಿಂದ (//) ಆರಂಭವಾಗುವ ಕಾಮೆಂಟ್ ಬ್ಯಾಕ್‌ಸ್ಲ್ಯಾಷ್‌ನಿಂದ ಮುಗಿದರೆ (ವಿಂಡೋಸ್ ಫೋಲ್ಡರಿನ ವಿಳಾಸ ಬರೆದಾಗ ಹೀಗಾಗುವುದುಂಟು) ಮುಂದಿನ ಸಾಲಿನ ಕೋಡ್ ಕೂಡ ಕಾಮೆಂಟ್ ಆಗಿಬಿಡುತ್ತದೆ. ಜಿಸಿಸಿ ಎಂಬ ಸಿ ಕಂಪೈಲರಿನಲ್ಲಿ "ವಾಲ್" (-Wall) ಎಚ್ಚರಿಕೆಗಳನ್ನು ಚಾಲೂ ಮಾಡಿದ್ದರೆ ಅದು ತಿಳಿಸುತ್ತದೆ. ಪೈಥಾನ್‌ನಲ್ಲಿ ಕಾಮೆಂಟ್‌ನ ಕೊನೆಯ ಬ್ಯಾಕ್‌ಸ್ಲ್ಯಾಷ್‌ಗೆ ಯಾವ ಶಕ್ತಿಯೂ ಇಲ್ಲ. ನೀವು ಬಯಸಿದ ಸೌಕರ್ಯ ಫೋರ್ಟ್ರಾನ್ 90ರಲ್ಲಿದೆ: ಸಾಲಿನ ಕೊನೆಗೆ ಆಂಪರ್‌ಸ್ಯಾಂಡ್ ಹಾಕಿ, ಅದರ ಮುಂದೆಯೇ ಆಶ್ಚರ್ಯಸೂಚಕದಿಂದ ಕಾಮೆಂಟ್ ಆರಂಭಿಸಬಹುದು.

ಪ್ರಶ್ನೆ ಕೇಳಿದವರು

ಆವರಣದಿಂದ ಕೆಲಸವಾಯಿತು, ಇಬ್ಬರಿಗೂ ಧನ್ಯವಾದಗಳು. ಕೂಡುವ ಚಿಹ್ನೆಯನ್ನು ಸಾಲಿನ ಆರಂಭದಲ್ಲೇ ಇಡಬೇಕೆ?

ಉತ್ತರ (ಬೀದರ್)

ಕಡ್ಡಾಯವಲ್ಲ, ಆವರಣದೊಳಗೆ ಎರಡೂ ನಡೆಯುತ್ತವೆ. ಹೊಸ ಕೋಡ್‌ಗೆ ಪೆಪ್ 8 ಸೂಚಿಸುವುದು ಆರಂಭದಲ್ಲಿಡುವುದನ್ನೇ. ಯಾವ ಮೊತ್ತವನ್ನು ಕೂಡಿದೆ, ಯಾವುದನ್ನು ಕಳೆದಿದೆ ಎಂಬುದು ಎಡ ಅಂಚಿನಲ್ಲೇ ಕಾಣುತ್ತದೆ.