ಧೈರ್ಯವು ಆ ಗಳಿಗೆಯಲ್ಲಿ ದೊರೆಯುವುದೋ, ಮೊದಲೇ ಸಿದ್ಧವಾಗಿರಬೇಕೋ?

ಕಿರುದೀಪ (ಪ್ರಶ್ನೆ):

ಹಿರಿಯರಿಗೂ ಸಹವಿಶ್ವಾಸಿಗಳಿಗೂ ವಂದನೆಗಳು. ಕಳೆದ ತಿಂಗಳು ನಾನು ಮಾಡದ ತಪಾಸಣೆಯೊಂದನ್ನು ಮಾಡಿದ್ದೇನೆಂದು ದೃಢೀಕರಿಸುವ ಕಾಗದವನ್ನು ಮೇಲಧಿಕಾರಿಗಳು ನನ್ನ ಮುಂದಿಟ್ಟರು. ಅವರು ಗದರಿಸಲಿಲ್ಲ, ಬೆದರಿಸಲೂ ಇಲ್ಲ. ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆಗೆ ಚಾಚಿ, ಒಮ್ಮೆ ಗಡಿಯಾರ ನೋಡಿದರು, ಅಷ್ಟೆ. ನಾನು ಸಹಿ ಹಾಕಿದೆ. ಅದರ ಹಿಂದಿನ ಭಾನುವಾರವೇ ಯೌವನಸ್ಥರ ಕೂಟದಲ್ಲಿ ರಕ್ತಸಾಕ್ಷಿಗಳ ಕುರಿತು ಮಾತನಾಡಿ, ಕರ್ತನಿಗಾಗಿ ಪ್ರಾಣ ಕೊಡಲೂ ಸಿದ್ಧರಾಗಿರಬೇಕೆಂದು ಹೇಳಿದವನು ನಾನೇ.

ನನ್ನ ಗೊಂದಲ ಇಷ್ಟು. ಅಧಿಕಾರಿಗಳ ಮುಂದೆ ನಿಲ್ಲಿಸಿದಾಗ ಏನು ಹೇಳಬೇಕೆಂದು ಚಿಂತಿಸಬೇಡಿರಿ, ಅದು ಆ ಗಳಿಗೆಯಲ್ಲಿಯೇ ದೊರೆಯುವುದೆಂದು ಮತ್ತಾಯ 10:19 ಹೇಳುತ್ತದೆ. ಕೇಳುವವರಿಗೆ ಉತ್ತರ ಕೊಡಲು ಯಾವಾಗಲೂ ಸಿದ್ಧರಾಗಿರಿ ಎಂದು 1 ಪೇತ್ರ 3:15 ಹೇಳುತ್ತದೆ. ಇವೆರಡನ್ನೂ ಹೇಗೆ ಹೊಂದಿಸಿಕೊಳ್ಳುವುದು? ಆ ಗಳಿಗೆಯಲ್ಲಿ ದೊರೆಯುವುದಾದರೆ ನನಗೇಕೆ ದೊರೆಯಲಿಲ್ಲ?

ಮುಂಜಾನೆಯ ಓದುಗ:

ಸಹೋದರರೇ, ಮತ್ತಾಯನ ವಾಕ್ಯವು ತಡೆಯುವುದು ಚಿಂತೆಯನ್ನೇ ಹೊರತು ಸಿದ್ಧತೆಯನ್ನಲ್ಲ. ವಿಚಾರಣೆಯ ದಿನದ ಮಾತು ಅಂದು ದೊರೆಯಬಹುದು. ಆದರೆ ಆ ಮಾತನ್ನು ಆಡುವ ಮನುಷ್ಯನು ಒಂದೇ ದಿನದಲ್ಲಿ ರೂಪುಗೊಳ್ಳುವುದಿಲ್ಲ. ದಾನಿಯೇಲನ ಆರನೆಯ ಅಧ್ಯಾಯದ ಹತ್ತನೆಯ ವಚನವನ್ನು ನಿಧಾನವಾಗಿ ಓದಿ ನೋಡಿ. ಅರಸನನ್ನು ಬಿಟ್ಟು ಬೇರಾರಿಗೂ ಪ್ರಾರ್ಥಿಸಿದವನನ್ನು ಸಿಂಹಗಳ ಗವಿಗೆ ಹಾಕಬೇಕೆಂಬ ಶಾಸನಕ್ಕೆ ರುಜುವಾಯಿತೆಂದು ತಿಳಿದ ಮೇಲೆ ಅವನು ಪ್ರತಿಭಟನೆಯೆಂದು ಹೊಸದಾಗಿ ಏನನ್ನೂ ಮಾಡಲಿಲ್ಲ. ಮನೆಗೆ ಹೋಗಿ, ಯೆರೂಸಲೇಮಿನ ಕಡೆಗೆ ತೆರೆದಿದ್ದ ಕಿಟಕಿಗಳ ಬಳಿ, ಅದುವರೆಗೆ ದಿನಕ್ಕೆ ಮೂರು ಸಾರಿ ಮಾಡುತ್ತಿದ್ದಂತೆಯೇ ಮೊಣಕಾಲೂರಿದನು. ಸಿಂಹಗಳ ಗವಿಯ ಧೈರ್ಯವೆಂದು ನಾವು ಕರೆಯುವುದು ಬಹುಮಟ್ಟಿಗೆ ಈ ಹಳೆಯ ರೂಢಿಯೇ ಎಂಬುದು ನನ್ನ ಅಭಿಪ್ರಾಯ.

ಸಭಾಚರಿತ್ರೆಯ ವಿದ್ಯಾರ್ಥಿ:

ಮೇಲಿನ ಮಾತಿಗೆ ಚರಿತ್ರೆಯಿಂದ ಒಂದು ಉದಾಹರಣೆಯನ್ನು ಸೇರಿಸುತ್ತೇನೆ. ಎರಡನೆಯ ಶತಮಾನದ ನಡುವಿನಲ್ಲಿ ಸ್ಮುರ್ನದ (ಇಂದಿನ ಟರ್ಕಿಯ ಇಜ್ಮಿರ್) ಬಿಷಪರಾಗಿದ್ದ ಪೊಲಿಕಾರ್ಪರ ಮರಣದ ವೃತ್ತಾಂತವನ್ನು ಆ ಸಭೆಯವರು ಪತ್ರವಾಗಿ ಬರೆದು ಇತರ ಸಭೆಗಳಿಗೆ ಕಳುಹಿಸಿದರು. ಅದರಲ್ಲಿ ಫ್ರುಗ್ಯದ ಕ್ವಿಂತುಸ್ ಎಂಬವನ ಪ್ರಸಂಗವೂ ಇದೆ, ಆದರೆ ನಮ್ಮ ಪ್ರಸಂಗಿಗಳು ಅದನ್ನು ಹೇಳುವುದು ಕಡಿಮೆ. ಅವನು ತಾನಾಗಿಯೇ ಮುಂದೆ ಬಂದು, ಇತರರನ್ನೂ ಹುರಿದುಂಬಿಸಿ ಕರೆತಂದವನು. ಕಾಡುಮೃಗಗಳನ್ನು ಕಂಡೊಡನೆ ಅಂಜಿ, ರೋಮಿನ ಅಧಿಕಾರಿ ಹೇಳಿದಂತೆ ಆಣೆಯಿಟ್ಟು ಬಲಿಯರ್ಪಿಸಿದನು. ಪೊಲಿಕಾರ್ಪರಾದರೋ ಆಪ್ತರ ಒತ್ತಾಯಕ್ಕೆ ಮಣಿದು ಮೊದಲು ಊರು ಬಿಟ್ಟು ಅಡಗಿದ್ದವರು, ಮತ್ತು ಅದಕ್ಕಾಗಿ ಪತ್ರವು ಅವರನ್ನು ಸ್ವಲ್ಪವೂ ಹಳಿಯುವುದಿಲ್ಲ. ಹಿಡಿಯಲು ಬಂದವರಿಗೆ ಅವರು ಊಟ ಬಡಿಸಲು ಹೇಳಿ, ಪ್ರಾರ್ಥನೆಗೆ ಒಂದು ತಾಸು ಕೇಳಿಕೊಂಡು, ಎರಡು ತಾಸು ನಿಂತು ಪ್ರಾರ್ಥಿಸಿದರು. ಕ್ರಿಸ್ತನನ್ನು ದೂಷಿಸಬೇಕೆಂದು ಅಧಿಕಾರಿ ಒತ್ತಾಯಿಸಿದಾಗ, 86 ವರ್ಷ ಆತನನ್ನು ಸೇವಿಸಿದ್ದೇನೆ, ಆತನು ನನಗೆ ಯಾವ ಕೇಡನ್ನೂ ಮಾಡಲಿಲ್ಲ ಎಂದು ಅವರು ಕೊಟ್ಟ ಉತ್ತರವು ಆ ಗಳಿಗೆಯಲ್ಲಿ ಹೊಳೆದಿರಬಹುದು, ಆದರೆ ಅದರ ಹಿಂದಿನ 86 ವರ್ಷಗಳು ಆ ಗಳಿಗೆಯಲ್ಲಿ ಬಂದವಲ್ಲ. ಕೂಟದಲ್ಲಿ ಆವೇಶದಿಂದ ಮಾತನಾಡುವ ನಮ್ಮಲ್ಲಿ ಹಲವರು (ನಾನೂ ಸೇರಿ) ಪೊಲಿಕಾರ್ಪರಿಗಿಂತ ಕ್ವಿಂತುಸನಿಗೇ ಹತ್ತಿರದವರೆಂದು ನನಗೆ ಅನ್ನಿಸುತ್ತದೆ.

ನಿವೃತ್ತ ಸಭಾಪಾಲಕ:

ರೂಢಿಯ ಬೆಲೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ರೂಢಿಯೊಂದೇ ಸಾಕಾಗಿದ್ದರೆ, ಹಗಲಿರುಳು ಯೇಸುವಿನ ಸಂಗಡಲೇ ಇದ್ದ ಶಿಷ್ಯ ಪೇತ್ರನು, ಯೇಸು ಬಂಧಿತನಾದ ರಾತ್ರಿ ಮಹಾಯಾಜಕನ ಅಂಗಳದಲ್ಲಿ, ಒಬ್ಬ ದಾಸಿಯ ಪ್ರಶ್ನೆಗೆ ತತ್ತರಿಸಿ ಆತನನ್ನು ಅರಿಯೆನೆನ್ನುತ್ತಿರಲಿಲ್ಲ. ಅವನು ಸೋತದ್ದು ಅಂಗಳದಲ್ಲಲ್ಲ, ಅದಕ್ಕೆ ಮೊದಲೇ ಗೆತ್ಸೇಮನೆ ತೋಟದಲ್ಲಿ. ಎಲ್ಲರೂ ಹಿಂಜರಿದರೂ ತಾನು ಹಿಂಜರಿಯುವುದಿಲ್ಲವೆಂದು ಹೇಳಿ, ಎಚ್ಚರವಾಗಿದ್ದು ಪ್ರಾರ್ಥಿಸಬೇಕೆಂದಾಗ ಮಲಗಿಬಿಟ್ಟನು. ತನ್ನ ಬಲಹೀನತೆಯನ್ನು ಅರಿಯದವನಿಗೆ ಪ್ರಾರ್ಥನೆ ಅಗತ್ಯವೆಂದು ತೋರುವುದೇ ಇಲ್ಲ. ಅದೇ ಪೇತ್ರನು ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯದಲ್ಲಿಯೂ, ಸೆರೆಮನೆಯಲ್ಲಿ, ಮಲಗಿದ್ದಾನೆ. ಸಹಶಿಷ್ಯನಾದ ಯಾಕೋಬನ ತಲೆ ಆಗಲೇ ಬಿದ್ದಿದೆ, ಮರುದಿನ ತನ್ನ ಸರದಿ. ಆದರೂ ಇಬ್ಬರು ಸಿಪಾಯಿಗಳ ನಡುವೆ, ಎರಡು ಸರಪಣಿಗಳಲ್ಲಿ, ದೇವದೂತನು ಪಕ್ಕೆ ತಟ್ಟಿ ಎಬ್ಬಿಸಬೇಕಾದಷ್ಟು ಗಾಢವಾದ ನಿದ್ರೆ. ಮೊದಲನೆಯದು ಎಚ್ಚರಗೇಡಿನ ನಿದ್ರೆ, ಎರಡನೆಯದು ನಂಬಿಕೆಯ ನಿದ್ರೆ.

ಈ ಎರಡು ನಿದ್ರೆಗಳ ನಡುವೆ ನಡೆದದ್ದೇ ನಿಮ್ಮ ಪ್ರಶ್ನೆಗೆ ಉತ್ತರ. ಪೇತ್ರನು ಮೊದಲ ಸಾರಿ ಅಲ್ಲಗಳೆದ ಅಂಗಳದಲ್ಲಿ ಇದ್ದಲಿನ ಬೆಂಕಿ ಉರಿಯುತ್ತಿತ್ತೆಂದು ಯೋಹಾನನು ಬರೆಯುತ್ತಾನೆ. ಪುನರುತ್ಥಾನದ ನಂತರ ಯೇಸು ಅವನನ್ನು ಕಂಡು ಮಾತನಾಡಿಸಿದ ಸರೋವರದ ದಡದಲ್ಲಿಯೂ ಇದ್ದಲಿನ ಬೆಂಕಿಯೇ. ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಈ ಎರಡು ಕಡೆ ಬಿಟ್ಟರೆ ಬೇರೆಲ್ಲಿಯೂ ಇಲ್ಲ. ಮೂರು ಸಾರಿ ಇಲ್ಲವೆಂದವನಿಗೆ, ಅದೇ ಹೊಗೆಯ ವಾಸನೆಯ ನಡುವೆ, ನನ್ನನ್ನು ಪ್ರೀತಿಸುತ್ತೀಯಾ ಎಂಬ ಯೇಸುವಿನ ಪ್ರಶ್ನೆಗೆ ಮೂರು ಸಾರಿ ಹೌದೆನ್ನುವ ಅವಕಾಶ ದೊರೆಯಿತು. ಆದುದರಿಂದ ಸಹೋದರರೇ, ನಾನು ಕೇಳುವುದು ಬೇರೆ. ಸಹಿ ಹಾಕಿದ ಮೇಲೆ ಆ ಕಾಗದದ ವಿಷಯದಲ್ಲಿ ಏನು ಮಾಡಿದಿರೆಂದು ನೀವು ಬರೆದೇ ಇಲ್ಲ.

ಕಿರುದೀಪ:

ಅಯ್ಯನವರೇ, ಬರೆಯದಿದ್ದುದಕ್ಕೆ ಕಾರಣ, ನಾನು ಏನನ್ನೂ ಮಾಡಿಲ್ಲ. ಅದು ಮುಗಿದುಹೋದ ಸಂಗತಿಯೆಂದು ಭಾವಿಸಿ, ಮುಂದಿನ ಪರೀಕ್ಷೆಗೆ ಸಿದ್ಧನಾಗುವ ಬಗೆಯನ್ನು ಮಾತ್ರ ಕೇಳಿದ್ದೆ. ಕಾಗದವು ಇನ್ನೂ ಅದೇ ಕಡತದಲ್ಲಿದೆ. ತಪಾಸಣೆ ನಡೆದಿಲ್ಲವೆಂದೂ ನನ್ನ ಸಹಿಯನ್ನು ಹಿಂತೆಗೆದುಕೊಳ್ಳುತ್ತೇನೆಂದೂ ನಾಲ್ಕು ಸಾಲಿನ ಪತ್ರವನ್ನು ಈ ರಾತ್ರಿ ಬರೆದಿಟ್ಟಿದ್ದೇನೆ. ಮೇಲಧಿಕಾರಿಗಳು ಹತ್ತು ಗಂಟೆಗೆ ಬರುತ್ತಾರೆ. ಕೈ ಈಗಲೇ ನಡುಗುತ್ತಿದೆ; ಸಾಧ್ಯವಾದವರು ಆ ಹೊತ್ತಿಗೆ ನನ್ನನ್ನು ಪ್ರಾರ್ಥನೆಯಲ್ಲಿ ನೆನೆಯಬೇಕೆಂದು ಬೇಡುತ್ತೇನೆ.

ಮುಂಜಾನೆಯ ಓದುಗ:

ನೆನೆಯುತ್ತೇನೆ. ಪತ್ರದ ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ, ಮತ್ತು 1 ಪೇತ್ರ 3:15ರ ಉಳಿದ ಭಾಗವನ್ನೂ ಓದಿಕೊಂಡು ಹೋಗಿ. ಉತ್ತರವನ್ನು ಸಾತ್ವಿಕತೆಯಿಂದ ಕೊಡಬೇಕೆಂದು ಅಲ್ಲಿದೆ.